ಕಾರೋ ಬಸ್ಸೋ: ಒರ್ಲ್ಯಾಂಡೊ ದಿನಚರಿ

14 ಜೂನ್ 2025, ಶನಿವಾರ

ಬೆಳಗಿನ ಜಾವ ಅಟ್ಲಾಂಟಾ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಇಲ್ಲಿ. ಐ-75 ಹಿಡಿದು ದಕ್ಷಿಣಕ್ಕೆ ಇಳಿಯುತ್ತಾ ಹೋಗುವುದು, ವೈಲ್ಡ್‌ವುಡ್ ಹತ್ತಿರ ಫ್ಲಾರಿಡಾ ಟರ್ನ್‌ಪೈಕಿಗೆ ಹೊರಳುವುದು, ಅಷ್ಟೇ ದಾರಿ. ಸುಮಾರು 440 ಮೈಲಿ. ವಾಲ್ಡೋಸ್ಟಾದಲ್ಲಿ ಪುಳಿಯೋಗರೆ ಡಬ್ಬಿ ತೆರೆದಾಗ ಬಿಟ್ಟರೆ ಇವರು ಸ್ಟೇರಿಂಗ್ ಬಿಡಲಿಲ್ಲ.

ಮೊದಲ ಎರಡು ರಾತ್ರಿ ಡಿಸ್ನಿಯ ಹೊರಗಿನ ಹೋಟೆಲು, ಆಮೇಲೆ ಒಳಗಿನದು. ಕೌಂಟರಿನವಳು ಒಂದು ಹಾಳೆ ಕೊಟ್ಟಳು: ಪಾರ್ಕುಗಳಿಗೆ ಉಚಿತ ಷಟಲ್. ಬೆಳಿಗ್ಗೆ ಎರಡು ಸಲ, ರಾತ್ರಿ ಎರಡು ಸಲ. ಹಿಂದಿನ ದಿನವೇ ಹೆಸರು ಬರೆಸಬೇಕು, ದಾರಿಯಲ್ಲಿ ಬೇರೆ ಹೋಟೆಲಿನವರನ್ನೂ ಹತ್ತಿಸಿಕೊಳ್ಳುತ್ತದೆ. ಅಪ್ಪ ಕನ್ನಡಕ ಏರಿಸಿ ಅದನ್ನು ಓದಿದರು. ಹಾಸನ ಡಿಪೊದಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದವರಿಗೆ ಯಾವ ವೇಳಾಪಟ್ಟಿ ಕೊಟ್ಟರೂ ತಿದ್ದುವುದಕ್ಕೇ ಕೊಟ್ಟಂತೆ. “ನಾಲ್ಕು ಸಿಂಗಲ್ಲಿಗೆ ಒಂದೇ ಗಾಡಿ. ಇದನ್ನ ನಂಬಿಕೊಂಡ್ರೆ ಪಟಾಕಿ ಹೊಡೆಯೋ ಹೊತ್ತಿಗೆ ಗಾಡಿ ಹೊರಟಿರುತ್ತೆ” ಎಂದು ಹಾಳೆ ಮಡಚಿಟ್ಟರು. ಇವರಿಗೆ ಅಷ್ಟೇ ಬೇಕಾಗಿತ್ತು. “ಏಳು ಸೀಟಿನ ವ್ಯಾನ್ ಬಾಗಿಲಲ್ಲಿ ನಿಂತಿದೆ, ಆರು ಜನ ಇದ್ದೀವಿ, ಷಟಲ್ ಯಾಕೆ?” ಅಂದರು. ಪಾರ್ಕಿಂಗಿಗೆ ದಿನಕ್ಕೆ 30 ಡಾಲರ್ ಅಂದೆ. ಒಮ್ಮೆ ಕೊಟ್ಟರೆ ಆ ದಿನ ನಾಲ್ಕು ಪಾರ್ಕಿಗೂ ಅದೇ ನಡೆಯುತ್ತದೆ ಎಂಬ ಉತ್ತರ ಸಿದ್ಧವಾಗಿತ್ತು. ನಾಳೆ ಕಾರು.

15 ಜೂನ್, ಭಾನುವಾರ

ಮ್ಯಾಜಿಕ್ ಕಿಂಗ್‌ಡಮ್ಮಿಗೆ ಕಾರಿನಲ್ಲಿ ಹೋಗುತ್ತೇವೆ ಅನ್ನುವುದು ಮಾತಿಗಷ್ಟೇ. ಕಾರು ಹೋಗುವುದು ಟ್ರಾನ್ಸ್‌ಪೋರ್ಟೇಷನ್ ಆ್ಯಂಡ್ ಟಿಕೆಟ್ ಸೆಂಟರ್ ತನಕ. ಅಲ್ಲಿಂದ ಗೇಟಿಗೆ ಅಡ್ಡಲಾಗಿ ಒಂದು ಕೆರೆಯೇ ಇದೆ, ಸೆವೆನ್ ಸೀಸ್ ಲಗೂನ್. ಟೋಲ್ ಕಟ್ಟೆಯಲ್ಲಿ ದುಡ್ಡು ಕೊಟ್ಟು, ಸಿಂಬಾ ಹೆಸರಿನ ಅಂಕಣದಲ್ಲಿ ವ್ಯಾನ್ ನಿಲ್ಲಿಸಿ (ದೊಡ್ಡವಳು ಫೋಟೊ ತೆಗೆದಿಟ್ಟುಕೊಂಡಳು), ಟ್ರಾಮ್ ಹತ್ತಿ, ಇಳಿದು, ಬ್ಯಾಗು ತಪಾಸಣೆ ಮುಗಿಸಿ, ಮೋನೊರೈಲೋ ಫೆರಿಯೋ ಎಂದು ನಿರ್ಧರಿಸಿ, ಫೆರಿ ಹತ್ತಿ ದಾಟಿದ ಮೇಲೆ ಗೇಟು ಸಿಕ್ಕಿತು. ವ್ಯಾನಿನ ಬಾಗಿಲು ಹಾಕಿ ಮುಕ್ಕಾಲು ಗಂಟೆ ಆಗಿತ್ತು. ಅಮ್ಮನ ಮೊಣಕಾಲು ಆಗಲೇ ದೂರು ಶುರು ಮಾಡಿತ್ತು.

ಇದು ಯಾರೋ ಎಡವಟ್ಟು ಮಾಡಿ ಆದದ್ದಲ್ಲ, ಬೇಕೆಂದೇ ಹೀಗೆ ಕಟ್ಟಿದ್ದು. 1971ರ ಅಕ್ಟೋಬರ್ 1ರಂದು ಪಾರ್ಕ್ ತೆರೆದಾಗಿನಿಂದ ಕಾರುಗಳು ನೀರಿನ ಆಚೆ ದಡದಲ್ಲೇ. ಕೆರೆ ತೋಡಿದ ಮಣ್ಣನ್ನು ತಂದು ಪಾರ್ಕಿನ ನೆಲ ಎತ್ತರಿಸಿದರಂತೆ. ಊರಿನ ಧೂಳು, ಹಾರ್ನು, ಟಾರು ಎಲ್ಲ ಆ ದಡದಲ್ಲಿ ಕಳಚಿಟ್ಟು ಬನ್ನಿ ಎಂಬ ಲೆಕ್ಕ. ಫೆರಿಯ ಮೇಲಿಂದ ಕೋಟೆ ದೊಡ್ಡದಾಗುತ್ತಾ ಬಂದಾಗ ಪುಟ್ಟ ಉಸಿರು ಬಿಗಿಹಿಡಿದಿದ್ದ. ಹೋಗುವಾಗ ಆ ಲೆಕ್ಕ ಸರಿಯಾಗಿಯೇ ಇದೆ.

ಮಧ್ಯಾಹ್ನದ ಬಿಸಿಲಿಗೆ ಟುಮಾರೋಲ್ಯಾಂಡಿನ ಪೀಪಲ್‌ಮೂವರ್ ಹತ್ತಿ ಕೂತೆವು. 1975ರದ್ದು. ಗಾಡಿಯಲ್ಲಿ ಎಂಜಿನ್ ಇಲ್ಲ, ಹಳಿಯಲ್ಲಿ ಹುದುಗಿಸಿದ ಮೋಟಾರುಗಳೇ ಅದನ್ನು ತಳ್ಳುತ್ತವೆ. ಅಪ್ಪ ಕೆಳಗೆ ಬಗ್ಗಿ ನೋಡಿದ್ದೇ ನೋಡಿದ್ದು. ನಡುವೆ ಕತ್ತಲೆಯಲ್ಲಿ ಒಂದು ಊರಿನ ಮಾದರಿ ಕಾಣಿಸಿತು. ವಾಲ್ಟ್ ಡಿಸ್ನಿ ಕಟ್ಟಬೇಕೆಂದಿದ್ದ ನಗರದ ಉಳಿಕೆ. 1966ರಲ್ಲಿ ಆತ ವಿವರಿಸಿದ್ದ ಎಪ್‌ಕಾಟ್ ಪಾರ್ಕಲ್ಲ, 20,000 ಜನ ವಾಸಿಸುವ ಊರು. ದೂರಕ್ಕೆ ಮೋನೊರೈಲು, ಹತ್ತಿರಕ್ಕೆ ಪೀಪಲ್‌ಮೂವರ್, ಕಾರು ಲಾರಿ ಎಲ್ಲ ನೆಲದ ಕೆಳಗೆ, ಮೇಲೆಲ್ಲ ನಡೆಯುವವರದೇ ರಾಜ್ಯ. ಆ ಡಿಸೆಂಬರಿನಲ್ಲಿ ಆತ ತೀರಿಕೊಂಡ, ಊರು ಕಾಗದದಲ್ಲೇ ಉಳಿಯಿತು. ಕಾರು ಬೇಡದ ಬದುಕನ್ನು ರಜೆಯ ನಾಲ್ಕು ದಿನಕ್ಕೆ ಮಾತ್ರ ಉಳಿಸಿಟ್ಟಿದ್ದಾರೆ.

ರಾತ್ರಿ ಪಟಾಕಿ ಮುಗಿದದ್ದೇ ಇಡೀ ಜನ ಒಂದೇ ಬಾಗಿಲಿನತ್ತ. ಅದೇ ಸಾಲು, ಅದೇ ಫೆರಿ, ಅದೇ ಟ್ರಾಮು, ಈಗ ತಿರುಗುಮುರುಗಾಗಿ, ನಿದ್ದೆಗಣ್ಣಿನ ಮಕ್ಕಳನ್ನು ಹೊತ್ತುಕೊಂಡು. ಗೇಟಿನ ಪಕ್ಕದಲ್ಲೇ ಡಿಸ್ನಿ ಹೋಟೆಲುಗಳ ಬಸ್ ನಿಲ್ದಾಣ. ಒಂದರ ಹಿಂದೆ ಒಂದು ಬಂದು ತುಂಬಿಕೊಂಡು ಹೋಗುತ್ತಿದ್ದವು. ಹಾಸನಾಂಬೆ ಬಾಗಿಲು ತೆರೆದ ದಿನಗಳಲ್ಲಿ ಸ್ಪೆಷಲ್ ಗಾಡಿ ಬಿಟ್ಟ ಹಾಗೆ ಬಿಡ್ತಿದಾರೆ ಎಂದು ಅಪ್ಪ ಅಲ್ಲೇ ನಿಂತುಬಿಟ್ಟರು. ಅವರನ್ನು ಎಳೆದುಕೊಂಡೇ ಫೆರಿ ಸಾಲಿಗೆ ಬರಬೇಕಾಯಿತು.

16 ಜೂನ್, ಸೋಮವಾರ

ಡಿಸ್ನಿಯ ಒಳಗಿನ ಹೋಟೆಲು ಪಾಪ್ ಸೆಂಚುರಿಗೆ ಬಂದೆವು. ಮನೆಯೆತ್ತರದ ಯೋಯೋ ನೋಡಿ ಪುಟ್ಟನಿಗೆ ಇದೇ ಪಾರ್ಕು, ಇನ್ನೆಲ್ಲಿಗೂ ಬೇಡ. ಇಲ್ಲಿ ಲೆಕ್ಕವೇ ಬೇರೆ: ಉಳಿದುಕೊಂಡವರಿಗೆ ಪಾರ್ಕುಗಳಲ್ಲಿ ಪಾರ್ಕಿಂಗ್ ಪುಕ್ಕಟೆ, 2023ರ ಜನವರಿಯಿಂದ ಹೋಟೆಲಿನಲ್ಲಿ ರಾತ್ರಿ ನಿಲ್ಲಿಸುವುದೂ ಪುಕ್ಕಟೆ. ಬಸ್ಸು, ಸ್ಕೈಲೈನರ್, ಮೋನೊರೈಲು ಮೊದಲಿನಿಂದಲೂ ಪುಕ್ಕಟೆಯೇ. ದುಡ್ಡಿನ ಜಗಳ ಮುಗಿದ ಮೇಲೆ ನಿಜವಾದ ಜಗಳ ಶುರು.

ಇವತ್ತು ಕಾರಿಗೇ ಜಯ. ಮೊಸರು, ಬಾಳೆಹಣ್ಣು, ಅಮ್ಮನ ಮಾತ್ರೆ ತರಲು ಹೊರಗೆ ಹೋಗಬೇಕಿತ್ತು. ಅದಕ್ಕೆ ಡಿಸ್ನಿ ಬಸ್ಸು ಇಲ್ಲ. ಸಂಜೆ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಸನಾ ಎಂಬಲ್ಲಿಗೆ ಊಟಕ್ಕೆ ಹೋದೆವು, ಆಫ್ರಿಕದ್ದೂ ನಮ್ಮದೂ ಸೇರಿದ ಅಡುಗೆ. ಒಂದು ಹೋಟೆಲಿನಿಂದ ಇನ್ನೊಂದು ಹೋಟೆಲಿಗೆ ನೇರ ಬಸ್ಸಿಲ್ಲ, ಯಾವುದಾದರೂ ಪಾರ್ಕಿಗೆ ಹೋಗಿ ಬದಲಾಯಿಸಬೇಕು. ವ್ಯಾನಿನಲ್ಲಿ ಹದಿನೈದು ನಿಮಿಷ ಹಿಡಿಯಲಿಲ್ಲ. ನಾನ್ ತಟ್ಟೆಯ ಸುತ್ತ ಚಟ್ನಿ, ಉಪ್ಪಿನಕಾಯಿಗಳ ಬಟ್ಟಲು, ಕಿಟಕಿಯಾಚೆ ಹುಲ್ಲಿನಲ್ಲಿ ಜಿರಾಫೆ. ಅಮ್ಮ ಬಹಳ ದಿನಗಳ ಮೇಲೆ ಎರಡನೇ ಸಲ ಬಡಿಸಿಕೊಂಡರು.

17 ಜೂನ್, ಮಂಗಳವಾರ

ಅನಿಮಲ್ ಕಿಂಗ್‌ಡಮ್. ಹೋಟೆಲಿನವರಿಗೆ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ, ಪ್ರಾಣಿಗಳೂ ಬೆಳಗಿನ ತಂಪಿಗೇ ಓಡಾಡುವುದು. ಆದ್ದರಿಂದ ಬಸ್ಸಿಗೆ ಕಾಯುವುದು ಬೇಡ ಎಂದು ಇವರು. ಇಲ್ಲಿ ಕೆರೆಯ ಗೊಡವೆಯಿಲ್ಲ, ನವಿಲಿನ ಹೆಸರಿನ ಅಂಕಣದಲ್ಲಿ ನಿಲ್ಲಿಸಿ ನಡೆದೇ ಗೇಟಿಗೆ ಹೋದೆವು. ಸಫಾರಿಯ ಲಾರಿಯಲ್ಲಿ ಆನೆ ಮರಿ ನೋಡಿದಾಗ ಇನ್ನೂ ಒಂಬತ್ತು ಹೊಡೆದಿರಲಿಲ್ಲ. ಬೆಳಗಿನ ಮಟ್ಟಿಗೆ ಇವರ ವಾದಕ್ಕೆ ಎದುರಿಲ್ಲ.

ತೊಡಕು ಸಂಜೆಗೆ. ಈ ಪಾರ್ಕು ಉಳಿದವಕ್ಕಿಂತ ಬೇಗ ಮುಚ್ಚುತ್ತದೆ. ಎಪ್‌ಕಾಟಿಗೆ ಹೋಗಿ ರಾತ್ರಿಯ ದೀಪ ನೋಡೋಣ ಎಂದು ದೊಡ್ಡವಳ ಹಟ. ಪಾರ್ಕಿನಿಂದ ಪಾರ್ಕಿಗೆ ಬಸ್ಸಿದೆ, ಹತ್ತಿದರೆ ಆಯಿತು. ಆದರೆ ವ್ಯಾನ್ ನವಿಲಿನಲ್ಲಿದೆ. ಬಸ್ಸಿನಲ್ಲಿ ಹೋದರೆ ರಾತ್ರಿ ಯಾರೋ ಒಬ್ಬರು ವ್ಯಾನಿಗಾಗಿ ಇಷ್ಟು ದೂರ ಮರಳಬೇಕು, ವ್ಯಾನಿನಲ್ಲಿ ಹೋದರೆ ಇನ್ನೊಂದು ಪಾರ್ಕಿಂಗು, ಇನ್ನೊಂದು ನಡಿಗೆ. ಕೊನೆಗೆ ನಾನು, ಅಪ್ಪ, ದೊಡ್ಡವಳು ಬಸ್ಸು ಹತ್ತಿದೆವು. ಇವರು ಅಮ್ಮನನ್ನೂ ಪುಟ್ಟನನ್ನೂ ಕೂರಿಸಿಕೊಂಡು ಹೋಟೆಲಿಗೆ.

ಬಸ್ಸಿನಲ್ಲಿ ಯೋಚಿಸುತ್ತಿದ್ದೆ: ಕಾರೆಂದರೆ ಬೇಕಾದಾಗ ಹೊರಡುವ ಸ್ವಾತಂತ್ರ್ಯ ಅನ್ನುತ್ತೇವೆ. ಹೊರಡುವುದಕ್ಕೆ ಸರಿ. ಬೆಳಿಗ್ಗೆ ಎಲ್ಲಿ ಬಿಟ್ಟೆವೋ ರಾತ್ರಿ ಅಲ್ಲಿಗೇ ಹೋಗಬೇಕು ಅನ್ನುವ ಷರತ್ತನ್ನು ಯಾರೂ ಮೊದಲೇ ಓದುವುದಿಲ್ಲ. ಇಡೀ ಜಾಗ ಸುಮಾರು 40 ಚದರ ಮೈಲಿ. ಬಸ್ಸಿನವನು ಒಂದು ಮೂಲೆಯಲ್ಲಿ ಒಳಹೊಕ್ಕು ಇನ್ನೊಂದು ಮೂಲೆಯಲ್ಲಿ ಹೊರಬರಬಹುದು. ಕಾರಿನವನಿಗೆ ಆ ಸೌಲಭ್ಯವಿಲ್ಲ.

18 ಜೂನ್, ಬುಧವಾರ

ಹಾಲಿವುಡ್ ಸ್ಟುಡಿಯೋಸ್‌ಗೆ ಸ್ಕೈಲೈನರ್, 2019ರಲ್ಲಿ ಬಂದ ಕೇಬಲ್ ತೊಟ್ಟಿಲು. ಏಸಿ ಇಲ್ಲ, ಓಡುವಾಗ ಗಾಳಿ ಆಡುತ್ತದೆ. ಕೆರಿಬಿಯನ್ ಬೀಚ್‌ನಲ್ಲಿ ಇಳಿದು ಇನ್ನೊಂದು ಸಾಲಿಗೆ ಹತ್ತುವುದು. ಅಮ್ಮ ಕಣ್ಣು ಮುಚ್ಚಿ ಕೂತಿದ್ದವರು ಎರಡನೆಯದರಲ್ಲಿ ಕಣ್ಣು ಬಿಟ್ಟರು.

ಮೂರೂವರೆಗೆ ಫ್ಲಾರಿಡಾದ ಬೇಸಿಗೆ ತನ್ನ ಗುಣ ತೋರಿಸಿತು. ಹತ್ತು ನಿಮಿಷದಲ್ಲಿ ಕಪ್ಪು ಮೋಡ, ಗುಡುಗು. ಸಿಡಿಲಿದ್ದರೆ ತೊಟ್ಟಿಲು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು. ಎಲ್ಲರೂ ಬಸ್ಸಿನ ಕಡೆಗೆ. ವ್ಯಾನಿದ್ದಿದ್ದರೆ ಎಂದು ಇವರು ಬಾಯಿಬಿಟ್ಟು ಹೇಳಲಿಲ್ಲ, ಮುಖ ಹೇಳಿತು. ಆ ಮಳೆಯಲ್ಲಿ ಪಾರ್ಕಿಂಗ್ ಬಯಲು ದಾಟುವವರನ್ನು ನೋಡಿ ಆ ಮುಖವೂ ಸುಮ್ಮನಾಯಿತು.

ಅಪ್ಪನಿಗೆ ಮಾತ್ರ ಹಬ್ಬ. ಬಸ್ಸು ಬಂದು ಪಕ್ಕಕ್ಕೆ ಬಾಗಿತು, ರ‍್ಯಾಂಪ್ ಚಾಚಿತು, ಗಾಲಿಕುರ್ಚಿಯವರು ಮೊದಲು ಹತ್ತಿದರು. ಡ್ರೈವರ್ ಹೆಂಗಸು, ತಾನೇ ಎದ್ದು ಬಂದು ಕುರ್ಚಿಯ ಗಾಲಿಗೆ ಪಟ್ಟಿ ಬಿಗಿದಳು. ಅಲ್ಲಿಯ ತನಕ ಉಳಿದವರು ಮಳೆಯ ಹೊಡೆತದಲ್ಲೂ ಸಾಲು ಕದಲಿಸಲಿಲ್ಲ. “ಕಂಡಕ್ಟರ್ ಇಲ್ಲ, ಟಿಕೇಟೂ ಇಲ್ಲ, ನಾವು ಆ ಹೋಟೆಲಿನವರು ಹೌದೋ ಅಲ್ಲವೋ ಅಂತ ಕೇಳೋರೂ ಇಲ್ಲ” ಎಂದು ಅಪ್ಪ ಅಮ್ಮನ ಕಿವಿಯಲ್ಲಿ. “ನಮಗೆ ಊರಲ್ಲಿ 2023ರಿಂದಲೇ ಪುಕ್ಕಟೆ. ನಿಮಗೆ ಪುಕ್ಕಟೆ ಆಗಬೇಕಾದರೆ ಅಮೆರಿಕಕ್ಕೆ ಬರಬೇಕಾಯ್ತು” ಎಂದರು ಅಮ್ಮ. ಶಕ್ತಿ ಯೋಜನೆ ಬಂದಾಗಿನಿಂದ ಅಮ್ಮ ತಿಂಗಳಿಗೊಮ್ಮೆ ಧರ್ಮಸ್ಥಳಕ್ಕೆ ಹೋಗಿಬರುತ್ತಾರೆ. ಅಪ್ಪನದೇ ದುಡ್ಡು ಖರ್ಚಾಗುವುದು.

19 ಜೂನ್, ಗುರುವಾರ

ದೊಡ್ಡವಳ ಒತ್ತಾಯಕ್ಕೆ ಮತ್ತೆ ಮ್ಯಾಜಿಕ್ ಕಿಂಗ್‌ಡಮ್, ಈ ಸಲ ಬಸ್ಸಿನಲ್ಲಿ. ಹೋಟೆಲಿನ ಬಾಗಿಲಲ್ಲಿ ಸಾಲಿಗೊಂದು ಪಾರ್ಕಿನ ಹೆಸರು, ಮೇಲೆ ಪರದೆಯಲ್ಲಿ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು. ಕಾಲು ಗಂಟೆಗೆ ಬಂತು, ಕೆರೆಯ ಈಚೆ ದಡದಲ್ಲೇ ಇಳಿಸಿತು. ಟ್ರಾಮಿಲ್ಲ, ಫೆರಿಯಿಲ್ಲ. ಅಮ್ಮನ ಕಾಲು ಮಧ್ಯಾಹ್ನದ ತನಕ ಸದ್ದು ಮಾಡಲಿಲ್ಲ. ಫೆರಿಯಿಂದ ಕೋಟೆ ಕಾಣುವ ಸೊಗಸು ತಪ್ಪಿತು, ಅದೂ ನಿಜ.

ಇವತ್ತು ಗಮನಿಸಿದ್ದು ಬೇರೆ. ಭಾನುವಾರ ಇವರು ಪಟಾಕಿಯ ನಡುವೆ ಗಡಿಯಾರ ನೋಡುತ್ತಿದ್ದರು: ಈಗ ಹೊರಟರೆ ಫೆರಿ ಸಾಲು ಇಷ್ಟು, ಐ-4 ಇಷ್ಟು. ಮಧ್ಯಾಹ್ನದ ಊಟವನ್ನೂ ತೂಕಡಿಕೆ ಬರುತ್ತದೆಂದು ಅರ್ಧಕ್ಕೆ ಬಿಟ್ಟಿದ್ದರು. ಇವತ್ತು ಎರಡು ತಟ್ಟೆ ತಿಂದರು. ಪಟಾಕಿಯನ್ನು ಪುಟ್ಟನನ್ನು ಹೆಗಲ ಮೇಲೆ ಹೊತ್ತು ಕೊನೆಯ ಕಿಡಿ ಆರುವ ತನಕ ನೋಡಿದರು. ನಾವು ಐವರು ಶನಿವಾರದಿಂದ ರಜದಲ್ಲಿದ್ದೆವು, ಇವರ ರಜೆ ಶುರುವಾದದ್ದು ಇವತ್ತು. ಡಾಲರು, ನಿಮಿಷ ಎರಡನ್ನೂ ನಾವು ಎಷ್ಟು ಬಾರಿ ಲೆಕ್ಕ ಹಾಕಿದೆವು, ಇದೊಂದು ಬಾಬ್ತು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ. ಇವರ ಪಟ್ಟಿಯಲ್ಲೂ ಇರಲಿಲ್ಲ.

ಬಸ್ಸನ್ನು ಹೊಗಳಿಯೇ ಮುಗಿಸುವ ಹಾಗಿಲ್ಲ. ರಾತ್ರಿ ಬಸ್ಸಿನಲ್ಲಿ ಸ್ಟ್ರೋಲರ್ ಮಡಚಲೇಬೇಕು, ಅಂದರೆ ಅದರಲ್ಲಿ ಮಲಗಿದ್ದವನನ್ನು ಎತ್ತಲೇಬೇಕು. ಪುಟ್ಟ ಎದ್ದು ನಿಲ್ದಾಣಕ್ಕೆಲ್ಲ ಕೇಳುವ ಹಾಗೆ ಅತ್ತ. ಅಪ್ಪನಿಗೆ ಒಬ್ಬ ಹುಡುಗ ಸೀಟು ಬಿಟ್ಟುಕೊಟ್ಟ, ನಾನು ದಾರಿಯುದ್ದಕ್ಕೂ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಸ್ಟ್ರೋಲರ್ ಹಿಡಿದು ನಿಂತೆ. ವ್ಯಾನಿನಲ್ಲಾದರೆ ಇಷ್ಟು ಹೊತ್ತಿಗೆ ನಾನೂ ನಿದ್ದೆಯಲ್ಲಿರುತ್ತಿದ್ದೆ. ಅಲ್ಲಿ ಎಚ್ಚರವಾಗಿರಬೇಕಾದವರು ಇವರೊಬ್ಬರೇ.

20 ಜೂನ್, ಶುಕ್ರವಾರ

ರಾತ್ರಿ ಎಂಟಕ್ಕೆ ಮನೆ. ಬರುವಾಗ ಮೇಕನ್‌ನಿಂದ ಮುಂದಕ್ಕೆ ನಾನು ಓಡಿಸಿದೆ. ನಾನೇ ಕೇಳಿ ತೆಗೆದುಕೊಂಡದ್ದು.

ಬಟ್ಟೆ ಮೆಷಿನ್ನಿಗೆ ಹಾಕುವಾಗ ನ್ಯೂಜೆರ್ಸಿಯಿಂದ ತಮ್ಮನ ಫೋನು. ಡಿಸೆಂಬರಿನಲ್ಲಿ ಅವರೂ ಹೋಗುತ್ತಾರೆ, ವಿಮಾನದಲ್ಲಿ. ವಿಮಾನ ನಿಲ್ದಾಣದಿಂದಲೇ ಕಾರು ಬಾಡಿಗೆಗೆ ಹಿಡಿಯಲೇ ಎಂಬ ಪ್ರಶ್ನೆ. ಡಿಸ್ನಿಯವರೇ ಹೋಟೆಲಿಗೆ ಪುಕ್ಕಟೆ ಕರೆದೊಯ್ಯುತ್ತಿದ್ದ ಮ್ಯಾಜಿಕಲ್ ಎಕ್ಸ್‌ಪ್ರೆಸ್ 2005ರಲ್ಲಿ ಬಂದದ್ದು 2022ರ ಜನವರಿಗೆ ಮುಗಿಯಿತು, ಈಗ ದುಡ್ಡು ಕೊಟ್ಟು ಬಸ್ಸು ಹಿಡಿಯಬೇಕು ಅಂದೆ. ಒಳಗಿನ ಹೋಟೆಲಾದರೆ ಪಾರ್ಕಿಗೆ ಬಸ್ಸು ಸಾಕು, ಮ್ಯಾಜಿಕ್ ಕಿಂಗ್‌ಡಮ್ಮಿಗಂತೂ ಬಸ್ಸೇ. ಹೊರಗಿನ ಹೋಟೆಲಾದರೆ ಷಟಲ್ಲಿನ ಕೊನೆಯ ಹೊತ್ತು ಕೇಳಿಕೊಂಡು ಆಮೇಲೆ ರೂಮು ಕಾಯ್ದಿರಿಸು. ದೇವಸ್ಥಾನ, ಸಮುದ್ರ, ಬೇರೆ ಹೋಟೆಲಿನ ಊಟ ಇವೆಲ್ಲ ಬೇಕಿದ್ದರೆ ಆ ದಿನಗಳಿಗಷ್ಟೇ ಕಾರು. ಅಪ್ಪ ಪಕ್ಕದಿಂದ, “ಡ್ರೈವರಿಗೆ ವಾರದ ರಜೆ ಕೊಡದೆ ಯಾವ ಡಿಪೊನೂ ನಡೆಯಲ್ಲ, ಅದನ್ನೂ ಹೇಳು” ಎಂದರು.

ಹೇಳಿದೆ. “ಓಡಿಸೋದು ನಾನಲ್ಲಕ್ಕಾ, ಅವಳು” ಎಂದ ತಮ್ಮ.

ಹಾಗಾದರೆ ನನ್ನನ್ನೇನು ಕೇಳುತ್ತೀಯ, ಅವಳನ್ನು ಕೇಳು ಎಂದು ಫೋನನ್ನು ಅವನ ಹೆಂಡತಿಗೆ ಕೊಡಿಸಿದೆ. ಅವಳಿಗೆ ಬಸ್ಸೇ ಬೇಕಂತೆ. ಅವಳನ್ನು ಈ ತನಕ ಯಾರೂ ಕೇಳಿರಲಿಲ್ಲ.