ಬೇಗೂರಿನ ಕಲ್ಲು

ಒಂದು ತಿಂಗಳಿಂದ ನನಗೂ ಮಗನಿಗೂ ಮಾತಿರಲಿಲ್ಲ. ಎರಡನೇ ಪಿ.ಯು.ಸಿ. ಓದುವ ಹುಡುಗ, ಎನ್.ಡಿ.ಎ. ಪರೀಕ್ಷೆ ಬರೆದು ಸೈನ್ಯಕ್ಕೆ ಸೇರ್ತೀನಿ ಅಂತ ಹಟ ಹಿಡಿದಿದ್ದ. “ಇರೋನು ಒಬ್ಬ ಮಗ, ಸುತರಾಂ ಆಗೋಲ್ಲ” ಅಂತ ನಾನು. ನಮ್ಮವರು ಪೇಪರು ಅಡ್ಡ ಹಿಡಿದು ಕೂತುಬಿಟ್ಟಿದ್ದರು.

ಅಷ್ಟರಲ್ಲಿ ಕಾರ್ತಿಕ ಸೋಮವಾರ ಬಂತು. ಬೇಗೂರಿನ ನಾಗೇಶ್ವರನಿಗೆ ದೀಪ ಹಚ್ಚಿ ಬರೋಣ ಅಂದರು ಅತ್ತೆ. ನಮ್ಮ ಬಿ.ಟಿ.ಎಂ. ಲೇಔಟಿನಿಂದ ಬೇಗೂರೇನು ದೂರವಲ್ಲ. ಆದರೂ ಮದುವೆಯಾಗಿ ಬಂದಾಗಿನಿಂದ ನಾನು ಹೋಗಿರಲಿಲ್ಲ. ಅಜ್ಜಿಯ ಕೈ ಹಿಡಿಯಲು ಮಗನೂ ಬಂದ.

ಗಂಗರ ಕಾಲದ ಗುಡಿ. ದೀಪ ಹಚ್ಚಿ ಹೊರಗೆ ಬಂದರೆ ಮಗ ಒಂದು ಹಳೆಯ ಕಲ್ಲಿನ ಮುಂದೆ ನಿಂತಿದ್ದಾನೆ. “ಅಮ್ಮ, ಇಲ್ಲಿ ಬಾ” ಅಂದ. ತಿಂಗಳ ಮೇಲೆ ಅವನಾಗಿ ಆಡಿದ ಮೊದಲ ಮಾತು!

ಸುಮಾರು ಕ್ರಿ.ಶ. 890ರ ಶಾಸನವಂತೆ ಅದು. ಬೇಗೂರು ಸೀಮೆಯ ನಾಯಕ ನಾಗತ್ತರನ ಕಡೆಯ ಬುಟ್ಟಣ ಸೆಟ್ಟಿ ‘ಬೆಂಗಳೂರ ಕಾಳಗ’ದಲ್ಲಿ ಮಡಿದನೆಂದು ಅದರಲ್ಲಿದೆ. ಕೆಂಪೇಗೌಡರು ಊರು ಕಟ್ಟಿದ್ದು 1537ರಲ್ಲಿ. ಅದಕ್ಕೆ ಆರುನೂರು ವರ್ಷ ಮುಂಚೆಯೇ ಈ ಹೆಸರಿತ್ತು! ಮುದುಕಿಯೊಬ್ಬಳು ಹೊಯ್ಸಳ ಬಲ್ಲಾಳರಾಯನಿಗೆ ಬೆಂದ ಕಾಳು ಕೊಟ್ಟಳೆಂಬ ಕಥೆಯೂ ಇದರ ಮುಂದೆ ನಿಲ್ಲದು.

ನಾಗತ್ತರನೂ ಆಮೇಲೆ ಉಳಿಯಲಿಲ್ಲ. ಒಡೆಯ ಎರೆಯಪ್ಪನ ಮಾತಿನಂತೆ ವೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಸತ್ತ. ಬೇಗೂರು ಮೊದಲಾದ ಹನ್ನೆರಡು ಊರುಗಳು ಇರುಗ ಎಂಬಾತನಿಗೆ ಹೋದವು. ಆನೆ ಕುದುರೆಗಳ ಕಾಳಗವನ್ನು ಕೆತ್ತಿರುವ ಆ ದೊಡ್ಡ ವೀರಗಲ್ಲು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಮಗ ಉತ್ಸಾಹದಿಂದ ಹೇಳುತ್ತಲೇ ಇದ್ದ. ನಾನು ಕೇಳಿದೆ, “ಆ ಸೆಟ್ಟಿಯ ತಾಯಿ ಹೆಸರು ಎಲ್ಲಾದರೂ ಇದೆಯೇನೋ?”

“ಇಲ್ಲಮ್ಮ.”

“ಹೆಸರಿಲ್ಲದಿದ್ದರೇನು, ತಾಯಿ ಇದ್ದೇ ಇದ್ದಳಲ್ಲ” ಅಂದರು ಅತ್ತೆ.

ಬೆಂಗಳೂರು, ಬೆಂಗಳೂರು ಅಂತ ದಿನಕ್ಕೆ ಹತ್ತು ಸಲ ಅನ್ನುತ್ತೇವೆ. ಅವಳ ಪಾಲಿಗೆ ಅದು ಮಗ ಹೋಗಿ ತಿರುಗಿ ಬಾರದ ಊರು. ಇದನ್ನೇ ಮಗನಿಗೆ ಹೇಳಹೋದೆ, ಗಂಟಲು ಕಟ್ಟಿತು. ಇಷ್ಟು ದಿನ ದೇಶ, ಧೈರ್ಯ ಅಂತ ವಾದ ಮಾಡುತ್ತಿದ್ದವನು ಮೆಲ್ಲಗೆ ಕೇಳಿದ, “ಅಮ್ಮ, ನಿನಗೆ ಅಷ್ಟು ಭಯಾನಾ?”

“ಹೂಂ ಕಣೋ” ಅಂದೆ. ನಾನೂ ಅಲ್ಲಿಯವರೆಗೆ ಬರೀ ಬೈದಿದ್ದೆ, ಭಯ ಅಂತ ಬಾಯಿಬಿಟ್ಟು ಹೇಳಿರಲಿಲ್ಲ.

ಅರ್ಜಿ ಹಾಕಿದ್ದಾನೆ. ಬೇಡವೆನ್ನಲಿಲ್ಲ. ನನ್ನ ಭಯವೇನೂ ಹೋಗಿಲ್ಲ. ಆದರೆ ಈಗ ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಮಾತಾಡುತ್ತೇವೆ.

ನಿಮ್ಮೂರಿನ ಗುಡಿಯ ಬಳಿಯೂ ಇಂಥ ವೀರಗಲ್ಲು ಇದ್ದೀತು. ಅರಿಸಿನ ಕುಂಕುಮ ಹಚ್ಚಿ ಕೈಮುಗಿದು ಬಂದುಬಿಡುತ್ತೇವೆ. ಇನ್ನೊಮ್ಮೆ ಹೋದಾಗ ಅದು ಯಾರದೆಂದು ಕೇಳಿ ನೋಡಿ.