ಬೆನ್ನು ನೋಡಿ ಗುರುತು ಹಿಡಿಯುವುದು

ಕರಾವಳಿಯ ನೆಂಟರು ಸಿಕ್ಕಾಗಲೆಲ್ಲ ನನ್ನನ್ನು ಎರಡು ಪ್ರಶ್ನೆ ಕೇಳುತ್ತಾರೆ. "ಆ ವಾಗದರಿ ಎಲ್ಲಿದೆ ಮಾರಾಯ?" ಎಂಬುದು ಮೊದಲನೆಯದು. "ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು ಕೂತು ಮನುಷ್ಯರ ಚಿತ್ರ ಯಾಕೆ ಬರೆಯುತ್ತೀ?" ಎಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಸುಲಭ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲ್ಲೂಕು, ಕರ್ನಾಟಕದ ಗಡಿಯ ಮಗ್ಗುಲಲ್ಲಿರುವ ಊರು. ಆಳಂದ, ಕಲಬುರಗಿ, ಸೇಡಂ ದಾಟಿ ಹೋಗುವ ಕರ್ನಾಟಕದ ರಾಜ್ಯ ಹೆದ್ದಾರಿ 10ಕ್ಕೆ ಕಾಗದಪತ್ರಗಳಲ್ಲಿ 'ವಾಗದರಿ–ರಿಬ್ಬನಪಲ್ಲಿ ರಸ್ತೆ' ಎಂದೇ ಹೆಸರು. ಉಪ್ಪ ಕರಾವಳಿ ಬಿಟ್ಟು ಬಂದು ಇಲ್ಲಿ ಕಿರಾಣಿ ಅಂಗಡಿ ಹಾಕಿದರು. ಮನೆಯೊಳಗೆ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ಸರ್ಕಾರಿ ಕಾಗದದಲ್ಲಿ ಮರಾಠಿ. ನಾನು ಬೆಳೆದದ್ದು ಹೀಗೆ.

ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

ಡಿಪ್ಲೊಮಾದಲ್ಲಿ ನಾವು ಬರೆದ ಗೆರೆಗಳಿಗೆಲ್ಲ ಕಾನೂನಿತ್ತು. ಕಾಣುವ ಅಂಚಿಗೆ ದಪ್ಪ ಗೆರೆ, ಮರೆಯಲ್ಲಿರುವ ಅಂಚಿಗೆ ತುಂಡು ಗೆರೆ, ನಡುಗೆರೆಗೆ ಒಂದು ಉದ್ದ ಒಂದು ಚುಕ್ಕೆ. ಒಂದು ಬೋಲ್ಟನ್ನು ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಬರೆದರೆ ಅದನ್ನು ನೋಡದವನೂ ಲೇತ್ ಮೇಲೆ ತಯಾರು ಮಾಡಬಲ್ಲ. ಆದರೆ ಅಂಗಡಿಗೆ ಮೂಟೆ ಇಳಿಸಲು ಬರುವ ಹಮಾಲ ಅಜ್ಜನನ್ನು ಹಾಗೆ ಬರೆಯಲು ಬರುವುದಿಲ್ಲ. ಮೂರು ಕಡೆಯಿಂದ ಅಳೆಯುವಷ್ಟು ಹೊತ್ತು ಅವರು ನಿಲ್ಲುವುದೇ ಇಲ್ಲ. ಹೆಗಲ ಮೇಲೆ 50 ಕಿಲೋ ಇದೆ.

ಶಾಲೆಯಲ್ಲಿದ್ದಾಗ ಚಿತ್ರ ಬರೆಯದವನೇನಲ್ಲ. ಮಹಾರಾಷ್ಟ್ರದಲ್ಲಿ ಶಾಲೆಯ ಮಕ್ಕಳಿಗೆ 'ಎಲಿಮೆಂಟರಿ', 'ಇಂಟರ್‌ಮೀಡಿಯೆಟ್' ಎಂಬ ಸರ್ಕಾರಿ ಚಿತ್ರಕಲಾ ಪರೀಕ್ಷೆಗಳಿವೆ. ಅದರಲ್ಲಿ ನೆನಪಿನಿಂದ ಚಿತ್ರ ಬರೆಯುವ ಒಂದು ಪತ್ರಿಕೆ. ಬಸ್ ನಿಲ್ದಾಣ, ಸಂತೆ, ಜಾತ್ರೆ ಬರೆಯುವಾಗ ಮನುಷ್ಯರು ಬೇಕೇ ಬೇಕು. ನಮ್ಮೆಲ್ಲರ ಸಂತೆಯಲ್ಲೂ ಮನುಷ್ಯರು ನೆಟ್ಟ ಕಂಬದ ಹಾಗೆ ನಿಂತಿರುತ್ತಿದ್ದರು. ಅಂಕ ಬಂತು, ಅಲ್ಲಿಗೆ ಮುಗಿಯಿತು.

ಮತ್ತೆ ಶುರುವಾದದ್ದು ಮೂವತ್ತು ದಾಟಿದ ಮೇಲೆ, ಅದೂ ಪೆನ್ಸಿಲ್ ಅಲ್ಲ, ಪೆನ್ನು. ಇದಕ್ಕೆ ಕಾರಣ ಉಪ್ಪನ ಕಿರ್ದಿ ಪುಸ್ತಕ. ಲೆಕ್ಕದ ಪುಸ್ತಕದಲ್ಲಿ ರಬ್ಬರ್ ಆಡಿಸುವಂತಿಲ್ಲ. ಅಂಕಿ ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆದು, ಹಳೆಯದು ಓದಲು ಬರುವ ಹಾಗೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಉಪ್ಪನಿಂದ ಚಿಕ್ಕಂದಿನಲ್ಲಿ ಕಲಿತ ಶಿಸ್ತು ಇದು. ಪೆನ್ನಿನ ಚಿತ್ರಕ್ಕೂ ಇದೇ ನಿಯಮ. ಮೊದಲ ಗೆರೆ ತೋಳನ್ನು ಉದ್ದ ಮಾಡಿತೋ, ಇರಲಿ, ಪಕ್ಕದಲ್ಲೇ ಸರಿಯಾದ ಗೆರೆ ಎಳೆ. ನೋಡುವವರ ಕಣ್ಣು ಎರಡರಲ್ಲಿ ಸರಿಯಾದದ್ದನ್ನೇ ಆರಿಸಿಕೊಳ್ಳುತ್ತದೆ.

ಕಲಿಯುವ ಕ್ರಮವನ್ನೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೊದಲು 30 ಸೆಕೆಂಡಿನ ಚಿತ್ರ. ಕಣ್ಣು, ಮೂಗು, ಬಟ್ಟೆ ಏನೂ ಬೇಡ. ತಲೆಯಿಂದ ಭಾರ ಹೊತ್ತ ಪಾದದವರೆಗೆ ದೇಹ ಯಾವ ಕಡೆ ಬಾಗಿದೆ, ಅಷ್ಟೇ. ಇನ್ನೊಂದು ಅಭ್ಯಾಸ ಅಮೆರಿಕದ ಕಿಮೋನ್ ನಿಕೊಲೈಡಿಸ್ ಎಂಬ ಶಿಕ್ಷಕರದು. 1941ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿದೆ. ಕಾಗದ ನೋಡದೆ, ಎದುರಿನ ವ್ಯಕ್ತಿಯ ಅಂಚಿನ ಮೇಲೆ ಕಣ್ಣನ್ನು ಇರುವೆಯ ಹಾಗೆ ನಡೆಸುತ್ತ, ಅದೇ ವೇಗದಲ್ಲಿ ಪೆನ್ನು ಎಳೆಯುವುದು. ಬಂದ ಚಿತ್ರ ನೋಡಿ ನೀವು ನಗುತ್ತೀರಿ. ಆದರೆ ಕಣ್ಣು ಪಳಗುತ್ತದೆ.

ಮೂರನೆಯದು ನನ್ನಂಥ ಮೆಕ್ಯಾನಿಕ್‌ಗೆ ಹೇಳಿ ಮಾಡಿಸಿದ್ದು. ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತವರ ಗಂಟಲ ಗುಳಿಯಿಂದ ಒಂದು ತೂಗುಗುಂಡು ಇಳಿಬಿಟ್ಟರೆ ಅದು ಆ ಪಾದದ ಹತ್ತಿರಕ್ಕೇ ಬೀಳುತ್ತದೆ. ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಇಳಿಯುತ್ತದೆ. ಇದು ಕಲೆಗಿಂತ ಹೆಚ್ಚಾಗಿ ತೂಕದ ಲೆಕ್ಕ. ಇದನ್ನು ಅರಿತ ದಿನದಿಂದ ನನ್ನ ಕಂಬದ ಮನುಷ್ಯರು ನಿಲ್ಲತೊಡಗಿದರು.

ಸಾಮಾನಿಗೆ ಹೆಚ್ಚು ಖರ್ಚಿಲ್ಲ. ನೀರಿಗೆ ಕದಡದ ಕಪ್ಪು ಡ್ರಾಯಿಂಗ್ ಶಾಯಿ, ಅದ್ದಿ ಬರೆಯುವ ನಿಬ್ಬು, ಶಾಯಿ ಹೀರದ ದಪ್ಪ ಕಾಗದ. ಒಂದು ಎಚ್ಚರಿಕೆ: ಆ ಶಾಯಿಯನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಅದರಲ್ಲಿರುವ ಅಂಟು ಒಣಗಿ ಪೆನ್ನಿನ ಗಂಟಲು ಕಟ್ಟುತ್ತದೆ. ಅಂಗಡಿಯ ಗಲ್ಲಾದ ಹಿಂದೆ ಕೂತು ಬರೆಯಲು ಸಾಧಾರಣ ಜೆಲ್ ಪೆನ್ನೇ ಸಾಕು.

ಚಿತ್ರಕಾರರಿಗೆ ನಮ್ಮ ಸುತ್ತಲೂ ಬರವಿಲ್ಲ. ಎಂ.ಎಫ್. ಹುಸೇನ್ ಹುಟ್ಟಿದ್ದು ಇದೇ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ. ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದವರು ಅವರು. ಕರಾವಳಿಯವರಿಗೆ ಕೆ.ಕೆ. ಹೆಬ್ಬಾರರ ಹೆಸರು ಹೇಳಬೇಕಿಲ್ಲ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರ ರೇಖಾಚಿತ್ರಗಳ ಪುಸ್ತಕದ ಹೆಸರು 'ದಿ ಸಿಂಗಿಂಗ್ ಲೈನ್', ಅಂದರೆ ಹಾಡುವ ಗೆರೆ. ದೇಹದ ಲಯ ತಿಳಿಯಲು ಅವರು ಕಥಕ್ ನೃತ್ಯವನ್ನೂ ಕಲಿತಿದ್ದರು. ನಾನು ಕುಣಿಯಲಾರೆ, ಮೂಟೆ ಹೊತ್ತು ನೋಡಿದ್ದೇನೆ. ಸೊಂಟ ಎಲ್ಲಿ ತಿರುಗುತ್ತದೆಂದು ಆಗ ಗೊತ್ತಾಯಿತು.

ಈಗ ನೀವು ಕೇಳಬೇಕೆಂದಿರುವ ಪ್ರಶ್ನೆಗೆ ಬರುತ್ತೇನೆ. ನಮ್ಮ ಮನೆಯಲ್ಲಿಯೂ ಅದು ಬಂತು. ಜೀವವಿರುವವರ ಚಿತ್ರ ಬರೆಯಬಹುದೇ? ಉಲಮಾಗಳಲ್ಲಿ ಇದರ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ನಾನು ಅದನ್ನು ತೀರ್ಮಾನಿಸುವಷ್ಟು ಓದಿದವನಲ್ಲ. ಉಮ್ಮನಿಗೆ ಮಾತ್ರ ಸಂಶಯವಿರಲಿಲ್ಲ. ಪುಸ್ತಕ ನೋಡಿದ ದಿನ ಅವರು ಜಗಳವಾಡಲಿಲ್ಲ, ಎರಡು ದಿನ ನನ್ನೊಡನೆ ಮಾತನ್ನೇ ಕಡಿಮೆ ಮಾಡಿದರು. ನಾನು ಇದನ್ನು ಬಿಡಲೂ ಸಿದ್ಧನಿರಲಿಲ್ಲ, ಉಮ್ಮನ ಮನಸ್ಸು ನೋಯಿಸಿ ಮುಂದುವರಿಸಲೂ ಸಿದ್ಧನಿರಲಿಲ್ಲ. ಕೊನೆಗೆ ಅವರೇ ಒಂದು ಶರತ್ತು ಹಾಕಿದರು: ಗೋಡೆಗೆ ತೂಗಬಾರದು, ಮುಖ ಬರೆಯಬಾರದು. ಒಪ್ಪಿದೆ.

ಹಾಗೆ ಒಪ್ಪಿದ್ದರಿಂದಲೇ ನನಗೆ ನಿಜವಾದ ಪಾಠ ಆಯಿತು. ಮುಖವಿಲ್ಲದ ಮೇಲೆ ಮನುಷ್ಯನನ್ನು ಯಾವುದರಿಂದ ಹಿಡಿಯುವುದು? ಬೆನ್ನು, ಕುತ್ತಿಗೆ, ಕೈ ಇಟ್ಟುಕೊಂಡ ಬಗೆ, ಕಾಲಿನ ಮೇಲೆ ಬಿದ್ದ ಭಾರ. ಒಮ್ಮೆ ಅಂಗಡಿಗೆ ಬಂದ ರೈತರೊಬ್ಬರು ಪುಸ್ತಕ ತಿರುವಿ ಹಾಕಿದರು. "ಇವಾ ನಮ್ಮ ಹಮಾಲ ಅಜ್ಜ ಅಲ್ಲೇನೋ? ಇಕಿ ಹಾಲಿನಾಕಿ. ಮಾರಿ ಯಾಕ ತಗದಿಲ್ಲೋ ತಮ್ಮಾ?" ಎಂದರು. ಮುಖವಿಲ್ಲದೆಯೇ ಗುರುತು ಸಿಕ್ಕಿತ್ತು. ವಿಜಯಪುರದಿಂದ ಸುಮಾರು 20 ಕಿ.ಮೀ. ದೂರದ ಕುಮಟಗಿಯಲ್ಲಿ ಆದಿಲಶಾಹಿಗಳ ಕಾಲದ ನೀರಿನ ಮಹಲುಗಳಿವೆ. ಅಲ್ಲಿನ ಗೋಡೆಗಳ ಮೇಲೆ ಕುಸ್ತಿ ಹಿಡಿದವರು, ಕುದುರೆ ಮೇಲೆ ಪೋಲೊ ಆಡುವವರು ಇದ್ದಾರೆ. ಬಣ್ಣ ಬಹಳಷ್ಟು ಮಾಸಿದೆ. ಆದರೂ ಅದು ಕುಸ್ತಿಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ, ನಿಲುವೇ ಹೇಳುತ್ತದೆ.

ನಾನು ಅತಿ ಹೆಚ್ಚು ಬರೆದದ್ದು ಉಪ್ಪನನ್ನು. ಗಲ್ಲಾದ ಮುಂದೆ ನಿಂತು ಕಿರ್ದಿ ಬರೆಯುವ ಅವರ ಬೆನ್ನು ದಿನಾ ಸಂಜೆ ನನ್ನ ಎದುರಿಗೇ ಇರುತ್ತದೆ. ಪ್ರತಿ ಚಿತ್ರದ ಕೆಳಗೆ ತಾರೀಖು ಹಾಕುವುದು ಡ್ರಾಯಿಂಗ್ ಹಾಳೆಯಿಂದ ಬಂದ ರೂಢಿ. ಒಂದು ರಾತ್ರಿ ಉಮ್ಮ ಪುಸ್ತಕ ಕೇಳಿ ತೆಗೆದುಕೊಂಡರು. ಪುಟ ತಿರುವುತ್ತ ಹೋಗಿ, "ಇವರ ಎಡ ಹೆಗಲು ಎಲ್ಲದರಲ್ಲೂ ಯಾಕೆ ಇಳಿದಿದೆ?" ಎಂದು ಕೇಳಿದರು.

ಲೆಕ್ಕ ಕೂಡಲೇ ಹೊಳೆಯಿತು. ನಿಂತವರು ಸ್ವಲ್ಪ ಹೊತ್ತಿಗೆ ಕಾಲು ಬದಲಿಸುತ್ತಾರೆ. ಅಂಗಡಿಗೆ ಬರುವ ಗಿರಾಕಿಗಳೆಲ್ಲ ಹಾಗೆಯೇ, ನನ್ನ ಪುಟಗಳಲ್ಲಿ ಒಮ್ಮೆ ಎಡ, ಒಮ್ಮೆ ಬಲ. ಉಪ್ಪ ಮಾತ್ರ ಎಂಟು ತಿಂಗಳ ಚಿತ್ರಗಳಲ್ಲಿ ಒಮ್ಮೆಯೂ ಬಲಗಾಲಿಗೆ ಭಾರ ಹಾಕಿರಲಿಲ್ಲ. ಕೇಳಿದರೆ "ಏನೂ ಇಲ್ಲ" ಎಂದರು. ಉಮ್ಮ ಬಿಡಲಿಲ್ಲ. ಸೊಲ್ಲಾಪುರದಲ್ಲಿ ಎಕ್ಸ್‌ರೇ ತೆಗೆಸಿದಾಗ ಬಲ ಮೊಣಕಾಲಿನ ಕೀಲು ಸವೆದಿರುವುದು ಗೊತ್ತಾಯಿತು. ಅಂಗಡಿ ಬಿಡಿಸಿ ಊರಿಗೆ ಕಳಿಸಿಬಿಡುತ್ತೇವೆಂದು ಹೆದರಿ ಅವರು ಹೇಳಿರಲಿಲ್ಲ. ಇಲ್ಲಿ ಎಲ್ಲರೂ ಅವರನ್ನು "ಸೇಠ್" ಎನ್ನುತ್ತಾರೆ. ಅಲ್ಲಿ ಅವರು ಮನೆಯಲ್ಲಿ ಕೂತ ಒಬ್ಬ ಮುದುಕ. ಆ ಹೆದರಿಕೆ ಸುಳ್ಳೆಂದು ಹೇಳುವಂತಿರಲಿಲ್ಲ, ನಾವು ಆ ಮಾತು ಆಡಿದ್ದುಂಟು.

ಅಂಗಡಿ ಬಿಡಿಸಲಿಲ್ಲ. ಗಲ್ಲಾದ ಎತ್ತರ ಅಳೆದು, ಪಾದ ಇಡಲು ಅಡ್ಡ ಕಂಬಿ ಇರುವ ಎತ್ತರದ ಸ್ಟೂಲ್ ಒಂದನ್ನು ನಾನೇ ವೆಲ್ಡಿಂಗ್ ಮಾಡಿ ಕೊಟ್ಟೆ. ಅದರ ನಕ್ಷೆ ಮೂರು ಕಡೆಯಿಂದ, ಅಳತೆ ಸಮೇತ, ಮೊಣಕಾಲು ಎಷ್ಟು ಮಡಚಬೇಕೆಂಬ ಲೆಕ್ಕದೊಡನೆ ಅದೇ ಪುಸ್ತಕದಲ್ಲಿದೆ.

ಉಮ್ಮನ ಶರತ್ತು ಇಂದಿಗೂ ಹಾಗೆಯೇ ಇದೆ. ಆದರೆ ತಿಂಗಳಿಗೊಮ್ಮೆ ಪುಸ್ತಕ ಕೇಳಿ ನೋಡುತ್ತಾರೆ. ಉಪ್ಪನ ಹೆಗಲುಗಳು ಸಮವಾಗಿವೆಯೇ ಎಂದು ಎರಡು ಬೆರಳಿಟ್ಟು ಅಳೆಯುತ್ತಾರೆ. ಉಪ್ಪ ಮಾತ್ರ ನಾನು ಅಂಗಡಿಯಿಂದ ತೆಗೆದ ಜೆಲ್ ಪೆನ್ನುಗಳನ್ನೆಲ್ಲ ನನ್ನ ಖಾತೆಯಲ್ಲಿ ಉದ್ರಿ ಬರೆಯುತ್ತಿದ್ದಾರೆ.