ಅಜನಿಯ ಆ ಡಬಲ್

1987ರ ಡಿಸೆಂಬರ್. ನಾಗಪುರದ ಅಜನಿ ರೈಲ್ವೆ ಕಾಲೊನಿಯ ವರಾಂಡದಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ನಾಲ್ವರು ಬ್ರಿಜ್‌ಗೆ ಕೂತಿದ್ದೆವು. ಕೆಂಡಕ್ಕೆ ಬಿದ್ದ ಸಂತ್ರದ ಸಿಪ್ಪೆ ಘಮಘಮಿಸುತ್ತಿತ್ತು. ನನ್ನ ಪಾರ್ಟ್ನರ್ ಗದಗ ಕಡೆಯ ಹಿರಿಯರು, ಕಾಲೊನಿಗೆಲ್ಲ ಕಾಕಾ.

ನಾವಿಬ್ಬರೂ ಆಡುತ್ತಿದ್ದದ್ದು ಸಿ. ಸಿ. ವೈ ರೂಪಿಸಿದ ಪ್ರಿಸಿಶನ್ ಎಂಬ ಬಿಡ್ಡಿಂಗ್ ಪದ್ಧತಿ. 1969ರಲ್ಲಿ ತೈವಾನ್ ತಂಡ ಇದನ್ನೇ ಆಡಿ ವಿಶ್ವ ಬ್ರಿಜ್ ಸ್ಪರ್ಧೆಯಾದ ಬರ್ಮುಡಾ ಬೌಲ್‌ನ ಫೈನಲ್ ಮುಟ್ಟಿತ್ತು. 16 ಪಾಯಿಂಟ್ ಅಥವಾ ಹೆಚ್ಚಿದ್ದರೆ 'ಒನ್ ಕ್ಲಬ್' ಅನ್ನಬೇಕು, ಕ್ಲಬ್ ಎಲೆ ಇರಲಿ ಬಿಡಲಿ. ಆದರೆ ಯಾವ ಎಲೆ ಉದ್ದ ಎಂದು ಹೇಳುವ ಮೊದಲೇ ಎದುರಾಳಿ ನಡುವೆ ನುಗ್ಗಿದರೆ ಮಾತಿಗೆ ಜಾಗವೇ ಉಳಿಯುವುದಿಲ್ಲ.

ಆ ರಾತ್ರಿ ಆದದ್ದೂ ಅದೇ. ನನ್ನ ಕೈಯಲ್ಲಿ 19 ಪಾಯಿಂಟ್, ಐದು ಹಾರ್ಟ್, ಒಂದೇ ಡೈಮಂಡ್. ನಾವು ವಲ್ನರಬಲ್, ಅವರು ಅಲ್ಲ. 'ಒನ್ ಕ್ಲಬ್' ಅಂದೆ. ಎಡಗಡೆಯವರು ನೇರ 'ತ್ರೀ ಡೈಮಂಡ್ಸ್'ಗೆ ಹಾರಿದರು. ಕಾಕಾ 'ಡಬಲ್' ಅಂದರು. ಅವರಲ್ಲಿ ಡೈಮಂಡ್ ಬಲವಾಗಿದೆ, ಹೊಡೆಯಲಿಕ್ಕೇ ಡಬಲ್ ಎಂದುಕೊಂಡು ನಾನು ಪಾಸ್ ಮಾಡಿದೆ. ಅವರಿಗೆ ಎರಡು ಟ್ರಿಕ್ ಕಡಿಮೆ ಬಿದ್ದವು, ನಮಗೆ 300. ಎಲೆ ಹರವಿ ನೋಡಿದರೆ ಕಾಕಾನ ಕೈಯಲ್ಲಿ 9 ಪಾಯಿಂಟ್, ಎಕ್ಕದ ಸಮೇತ ನಾಲ್ಕು ಹಾರ್ಟ್! ಆರು ಹಾರ್ಟ್ ಸಲೀಸಾಗಿ ಆಗುತ್ತಿತ್ತು, 1430.

"ತಮ್ಮಾ, ಪಾಯಿಂಟ್ ಅದಾವ, ನೀ ಮುಂದ ಹೇಳು ಅಂತ ಡಬಲ್ ಅಂದಿದ್ದೆ. ನೀ ಯಾಕ ಸುಮ್ಮನಾದಿ?"

"ಒಂದರ ಮ್ಯಾಲಿನ ಡಬಲ್ ಮಾತಾಡಿದ್ವಿ ಕಾಕಾ, ಮೂರರ ಮ್ಯಾಲಿಂದು ಎಂದೂ ಮಾತಾಡಿಲ್ಲ."

ಅವರು ಸಿಟ್ಟಾಗಲಿಲ್ಲ. ರಿಸರ್ವೇಶನ್ ಫಾರಂ ಒಂದರ ಹಿಂಬದಿಯಲ್ಲಿ ಅಲ್ಲೇ ಬರೆದರು. ಎದುರಾಳಿ ಮೂರು ಸ್ಪೇಡ್‌ವರೆಗೆ ಏನೇ ಹೇಳಲಿ, ಡಬಲ್ ಅಂದರೆ ಪಾಯಿಂಟ್ ಇದೆ, ಉದ್ದದ ಎಲೆ ಇಲ್ಲ. ತೆರೆದವನು ಮುಂದೆ ಹೇಳಲೇಬೇಕು. ಅವರ ಎಲೆಯೇ ನಮ್ಮಲ್ಲಿ ಬಲವಾಗಿದ್ದರೆ ಪಾಸ್ ಮಾಡಿ ಕಾಯುವುದು. ತೆರೆದವನಲ್ಲಿ ಆ ಎಲೆ ಕಡಿಮೆಯಿದ್ದರೆ ಅವನೇ ಡಬಲ್ ಅನ್ನುತ್ತಾನೆ, ಆಗ ಮತ್ತೆ ಪಾಸ್ ಮಾಡಿ ಹೊಡೆಯುವುದು. ನಾಲ್ಕಕ್ಕೆ ಹೋದರೆ ಡಬಲ್ ಹೊಡೆಯಲಿಕ್ಕೇ. ಈ ಕಾಯುವ ಪಾಸ್ ನನಗೆ ಕಷ್ಟದ್ದು. ಒಳ್ಳೆಯ ಎಲೆ ಹಿಡಿದು ಸುಮ್ಮನಿರಲು ಪಾರ್ಟ್ನರ್ ಮೇಲೆ ಪೂರ್ತಿ ನಂಬಿಕೆ ಬೇಕು. ಕಾಕಾನ ಮೇಲೆ ನನಗೆ ಅದಿತ್ತು.

ನೀವೂ ಬಲದ ಕ್ಲಬ್ ಆಡುವವರಾದರೆ, ಮುಂದಿನ ಆಟಕ್ಕೆ ಎಲೆ ಹಂಚುವ ಮೊದಲು ಜೊತೆಗಾರರನ್ನು ಕೇಳಿಬಿಡಿ: ಮೂರರ ಮೇಲಿನ ಡಬಲ್‌ಗೆ ನಮ್ಮಲ್ಲಿ ಏನರ್ಥ?